ಅಂಗೈಗೆ ತಿಳಿಯದ ಬಿಸಿ

ನೆಲದ ಕೆಳಗೆ ಬಿಸಿನೀರು ಹರಿಸಬೇಕು, ಅದರ ಮೇಲೆ ಟೈಲ್ಸ್ ಕೂರಿಸಬೇಕು ಎಂದು ಯಲ್ಲಾಪುರದ ಪ್ಲಂಬರ್ ಫೋನಿನಲ್ಲಿ ಹೇಳಿದಾಗ ನಾನು ಶಿರಸಿಯಲ್ಲಿ ಒಂದು ಮನೆಯ ಮೆಟ್ಟಿಲಿಗೆ ಟೈಲ್ಸ್ ಕೂರಿಸುತ್ತಿದ್ದೆ. ನಕ್ಕುಬಿಟ್ಟೆ. "ನಿಮ್ಮ ಯಲ್ಲಾಪುರ ಏನ್ ಕಾಶ್ಮೀರ ಆತೇನಪಾ?" ಎಂದೆ. ಅವನು ನಗಲಿಲ್ಲ. "ಒಂದ್ಸಲ ಬಂದು ಆ ಮನೆಯವ್ರನ್ನ ನೋಡು ಮಾರಾಯಾ. ಆಮೇಲೆ ಬೇಕಾದ್ರೆ ನಗಾಡು" ಎಂದ.

ಇಡಗುಂದಿ ದಾಟಿದ ಮೇಲೆ, ಅರಬೈಲ್ ಘಟ್ಟ ಶುರುವಾಗುವ ಮುಂಚೆ, ಹೆದ್ದಾರಿಗೇ ಮುಖ ಮಾಡಿಕೊಂಡ ತಾರಸಿ ಮನೆ ಅದು. ಘಟ್ಟ ಹತ್ತಿ ಬಂದ ಲಾರಿಗಳ ಸದ್ದಿಗೆ ಕಿಟಕಿಯ ಗಾಜು ದಿನವಿಡೀ ನಡುಗುತ್ತಿರುತ್ತದೆ. ಬಾಗಿಲಲ್ಲಿ ನಿಂತು ಕೂಗಿದೆ. "ಚಪ್ಪಲಿ ಆಚೆ ಬಿಟ್ಟು ಬಾ. ನೀನು ಕಾಲಿಡೋ ಕಡೆ ನಾನು ಕೈ ಇಡಬೇಕು" ಎಂದು ಒಳಗಿಂದ ಹೆಂಗಸಿನ ದನಿ ಬಂತು. ಹೋಗಿ ನೋಡಿದರೆ ಐವತ್ತರ ಆಸುಪಾಸಿನ ಒಬ್ಬರು ನೆಲದ ಮೇಲೆ ಮೆಟ್ಟುಗತ್ತಿಯ, ಅಂದರೆ ಈಳಿಗೆಮಣೆಯ, ಮುಂದೆ ಕೂತು ನಿಂಬೆಹಣ್ಣು ಹೆಚ್ಚುತ್ತಿದ್ದರು. ಹೆಚ್ಚಿದ್ದನ್ನು ಪಾತ್ರೆಗೆ ಹಾಕಿ, ಎರಡೂ ಅಂಗೈ ನೆಲಕ್ಕೆ ಊರಿ, ಮೈಯನ್ನು ಎತ್ತಿ ಮುಂದೆ ಇಟ್ಟುಕೊಂಡರು. ಕಾಲುಗಳು ಹಿಂದಿನಿಂದ ಎಳೆದುಕೊಂಡು ಬಂದವು. ಹಾಗೇ ನಾಲ್ಕು ಸಲ ಮಾಡಿ ಭರಣಿಗಳ ಹತ್ತಿರ ತಲುಪಿದರು. ನನ್ನ ನಗು ಅಲ್ಲಿಗೇ ನಿಂತುಹೋಯಿತು.

ಬಹಳ ವರ್ಷಗಳ ಹಿಂದೆ ಇದೇ ಘಟ್ಟದಲ್ಲಿ ಸ್ಕೂಟರಿನಿಂದ ಬಿದ್ದು ಅವರ ಬೆನ್ನುಹುರಿ ಪೆಟ್ಟು ತಿಂದಿತ್ತು. ಸೊಂಟದಿಂದ ಕೆಳಗೆ ಚಿವುಟಿದರೂ ಗೊತ್ತಾಗುವುದಿಲ್ಲ. ಗಾಲಿಕುರ್ಚಿ ಒಂದು ಮೂಲೆಯಲ್ಲಿತ್ತು, ಅದರ ಮೇಲೆ ಒಗೆದ ಬಟ್ಟೆ ಹರವಿದ್ದರು. "ಅದ್ರ ಮೇಲೆ ಕೂತ್ರೆ ನಮ್ಮನೆಗೆ ನಾನೇ ನೆಂಟ್ರ ಹಾಗೆ. ಒಲೆ ಕೆಳಗೆ, ಭರಣಿ ಕೆಳಗೆ, ಕತ್ತಿ ಕೆಳಗೆ. ನಾನೊಬ್ಬಳು ಮೇಲೆ ಕೂತು ಎಂತ ಮಾಡಲಿ?" ಎಂದರು. ಉಪ್ಪಿನಕಾಯಿ ಅವರ ಕಸುಬು. ಮಿಡಿ ಮಾವಿನಕಾಯಿ ಕಾಲದಲ್ಲಿ ಉಪ್ಪಿನಲ್ಲಿ ಹಾಕಿಟ್ಟು, ವರ್ಷವಿಡೀ ಮಸಾಲೆ ಕಲಸಿ ಕೊಡುತ್ತಿದ್ದರು. ನಾನು ಅವರನ್ನು ಅಕ್ಕಾರ ಎಂದೆ. ಅವರು ನನ್ನನ್ನು ಮೇಸ್ತ್ರಿ ಎಂದರು. ನನ್ನ ಹತ್ತಿರ ಅವರದು ಪೇಟೆಯ ಮಾತು, ತಮ್ಮನ ಹತ್ತಿರ ಮನೆಮಾತು. ಸಿಟ್ಟು ಬಂದರೆ ಯಾರ ಹತ್ತಿರವಾದರೂ ಮನೆಮಾತೇ.

ತೊಂದರೆ ಇದ್ದದ್ದು ಮಳೆಗಾಲದ್ದು. ನೆಲ ಮಂಜಿನಂತೆ ತಣ್ಣಗಾದಾಗ ಅವರ ಕಾಲಿಗೆ ಚಳಿ ತಿಳಿಯುವುದಿಲ್ಲ, ಆದರೆ ಕಾಲು ಸೆಟೆದುಕೊಂಡು ತನ್ನಷ್ಟಕ್ಕೆ ತಾನೇ ಒದೆಯಲು ಶುರುಮಾಡುತ್ತದೆ. ಕೂತವರನ್ನು ಉರುಳಿಸಿಬಿಡುತ್ತದೆ. ಹಾಗಾಗಿ ಮಳೆ ಹಿಡಿದ ಕೂಡಲೇ ತಮ್ಮ ಹುಬ್ಬಳ್ಳಿಯಿಂದ ಬಂದು ಕರೆದುಕೊಂಡು ಹೋಗುವುದು ವಾಡಿಕೆ. ಹಿಂದಿನ ವರ್ಷ ಅಕ್ಕ ಹಠ ಹಿಡಿದು ಇಲ್ಲೇ ಉಳಿದರು. ಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೆಲಸ ಮಾಡಿದರು. ಸೀರೆ ಹಿಮ್ಮಡಿಗೆ ಅಂಟಿಕೊಂಡಾಗಲೇ ಚರ್ಮ ಬೆಂದದ್ದು ತಿಳಿದದ್ದು. ಆ ಗಾಯ ಮಾಯಲು ದೀಪಾವಳಿ ಬಂತು. ಕಲೆ ನನಗೂ ತೋರಿಸಿದರು.

ತಮ್ಮನಿಗೆ ಅದರಿಂದ ಜೀವ ಬಾಯಿಗೆ ಬಂದಿತ್ತು. ಆತ ಕೆಟ್ಟವನಲ್ಲ, ಅಕ್ಕ ಎಂದರೆ ಪ್ರಾಣ. ಕೊನೆಗೆ ಒಂದು ಮಾತಿಗೆ ಒಪ್ಪಿದ್ದ: ಜೂನಿನ ಮಿರ್ಗದ ಮಳೆ ಹಿಡಿಯುವುದರೊಳಗೆ ಬೆಚ್ಚನೆಯ ನೆಲ ತಯಾರಾದರೆ ಅಕ್ಕ ಇಲ್ಲೇ ಇರಬಹುದು. ಆಗದಿದ್ದರೆ ಕಾಯಮ್ಮಾಗಿ ಹುಬ್ಬಳ್ಳಿಗೆ. ಮನೆಯನ್ನು ದಾಬಾ ಮಾಡುವುದಕ್ಕೆ ಒಬ್ಬ ಬಹಳ ದಿನದಿಂದ ಕೇಳುತ್ತಿದ್ದ, ಅವನಿಗೆ ಬಾಡಿಗೆಗೆ ಕೊಡುವುದು. ಇಷ್ಟು ಕೇಳಿದ ಮೇಲೆ ನನಗೆ ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ.

ಬಿಸಿಯ ದಾರಿ ಹುಡುಕಿದವನು ಪ್ಲಂಬರ್. ಮಳೆಗಾಲದಲ್ಲಿ ಆ ಕಡೆ ಕರೆಂಟು ನೆಂಟರ ಹಾಗೆ, ಬಂದರೆ ಬಂತು. ಆದರೆ ಬಚ್ಚಲೊಲೆ ಆರುವ ಮನೆ ನಮ್ಮಲ್ಲಿ ಯಾವುದಿದೆ? ಆ ಒಲೆಯ ಹಂಡೆಯೊಳಗೆ ತಾಮ್ರದ ಸುರುಳಿ ಇಳಿಸಿ, ಅದರ ನೀರನ್ನು ಒಂದು ಸಣ್ಣ ಪಂಪಿನಿಂದ ನೆಲದ ಪೈಪುಗಳಲ್ಲಿ ಸುತ್ತಿಸುವುದು. ಪಂಪಿಗೆ ಇನ್ವರ್ಟರ್ ಸಾಕು. ನಡುವೆ ಒಂದು ವಾಲ್ವು: ಕುದಿಯುವ ನೀರಿಗೆ ತಣಿದು ವಾಪಸು ಬಂದ ನೀರು ಬೆರೆಸಿ, ಎಳೆಮಗುವಿಗೆ ಎರೆಯುವ ನೀರಿಗಿಂತ ಕಡಿಮೆ ಬಿಸಿ ಮಾಡಿ ಒಳಗೆ ಬಿಡುವಂಥದು. ಒಲೆಯ ಬಾಯಿ ನೆಲಕ್ಕೇ ಇದ್ದುದರಿಂದ ಅಕ್ಕನೇ ಕಟ್ಟಿಗೆ ತಳ್ಳಬಹುದಿತ್ತು. ಪಂಪಿನ ಸ್ವಿಚ್ಚನ್ನೂ ನಾನೇ ಹಠ ಮಾಡಿ ಅವರ ಕೈಗೆ ಎಟುಕುವಷ್ಟು ಕೆಳಗೆ ಹಾಕಿಸಿದೆ.

ಹಳೆಯ ನೆಲ ಕಿತ್ತು, ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಬಿಸಿ ಕೆಳಗೆ ಇಳಿದುಹೋಗದಂತೆ ಗಟ್ಟಿ ಥರ್ಮೋಕೋಲು ಹಾಸಿದೆವು. ಪ್ಲಂಬರ್ ಅದರ ಮೇಲೆ ಪೈಪನ್ನು ಚಕ್ಕುಲಿಯ ಹಾಗೆ ಸುತ್ತಿ ಕೂರಿಸಿದ. ಗೋಡೆಯ ಬುಡಕ್ಕೆಲ್ಲ ನಾನು ಸ್ಪಂಜಿನ ಪಟ್ಟಿ ಕಟ್ಟಿದೆ. ಬಿಸಿಗೆ ನೆಲ ಹಿಗ್ಗುತ್ತದೆ, ಹಿಗ್ಗಲು ಜಾಗ ಇಲ್ಲದಿದ್ದರೆ ಎದ್ದು ನಿಲ್ಲುತ್ತದೆ. ಪೈಪಿನಲ್ಲಿ ಒತ್ತಡದ ನೀರು ತುಂಬಿ, ಎಲ್ಲಾದರೂ ಸೋರಿದರೆ ಇಳಿಯುವ ಗೇಜಿನ ಮುಳ್ಳು ನೋಡಿಕೊಂಡೇ ಮೇಲೆ ಕಾಂಕ್ರೀಟು ಹಾಕಿದೆವು. ಯುಗಾದಿಗೆ ಆ ಬೆಡ್ಡು ಮುಗಿಯಿತು. ಬೇಸಿಗೆಯೆಲ್ಲ ಅದು ಗಟ್ಟಿಯಾಗುವವರೆಗೆ ಕಾದು, ಆಮೇಲೆ ಹಂಡೆಗೆ ಒಂದೊಂದೇ ಕೊಳ್ಳಿ ಇಟ್ಟು, ಉಗುರುಬೆಚ್ಚಗಿನ ನೀರು ಓಡಿಸಿ, ಬಿರುಕು ಬಿಡುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು ಒಲೆ ಆರಿಸಿದೆವು. ಅಷ್ಟೂ ದಿನ ಅಕ್ಕ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಇದ್ದರು. ಭರಣಿಗಳೂ ಅಲ್ಲೇ.

ಟೈಲ್ಸ್ ಆರಿಸಿದ್ದು ಬೇರೆಯೇ ಕಥೆ. ತಮ್ಮ ಮುಖ ಕಾಣುವಷ್ಟು ಹೊಳೆಯುವ ದೊಡ್ಡ ಟೈಲ್ಸಿನ ಫೋಟೋ ಕಳಿಸಿದ. ಅಕ್ಕ ಹೇಳಿದರು: "ಮುಖ ನೋಡೂಕೆ ಕನ್ನಡಿ ಇದೆ. ನಾಲ್ಕು ನಮೂನೆ ತಂದು ಜಗಲಿಯಲ್ಲಿ ಹಾಸು." ಹಾಸಿದೆ. ಒಂದೊಂದರ ಮೇಲೂ ಕೈ ಊರಿ ದಾಟಿ ನೋಡಿದರು. ಹೊಳೆಯುವುದರ ಮೇಲೆ ಕೈ ಜಾರಿತು. ಒರಟಿನದು ಸೀರೆ ಹಿಡಿಯಿತು. "ಸೀರೆ ಹಿಡಿದದ್ದು ಚರ್ಮಾನೂ ಹಿಡೀತದೆ, ನನಗೆ ಗೊತ್ತಾಗೂದಿಲ್ಲ" ಎಂದು ಪಕ್ಕಕ್ಕೆ ತಳ್ಳಿದರು. ಕೊನೆಗೆ ಮಾಸಲು ಕೆಂಪಿನ, ಹೊಳಪಿಲ್ಲದ ಒಂದು ನಮೂನೆ ಪಾಸಾಯಿತು.

ನಮ್ಮಲ್ಲಿ ಟೈಲ್ಸ್ ಕೂರಿಸುವುದು ಗಾರೆಯ ಮೇಲೆ. ಅವಸರದವರು ನಾಲ್ಕು ಮೂಲೆಗೊಂದು, ನಡುವಿಗೊಂದು ಗಾರೆಯುಂಡೆ ಇಟ್ಟು ಒತ್ತಿ ಮುಗಿಸುತ್ತಾರೆ. ಕೆಳಗೆ ಪೊಳ್ಳು ಉಳಿಯುತ್ತದೆ. ಬೇರೆ ಮನೆಯಲ್ಲಾದರೆ ಪೊಳ್ಳು ಬರೀ ಸದ್ದು ಮಾಡುತ್ತದೆ. ಇಲ್ಲಿ ಹಾಗಲ್ಲ. ಪೊಳ್ಳು ಇದ್ದ ಕಡೆ ಬಿಸಿ ಮೇಲೆ ಬರುವುದಿಲ್ಲ, ಟೈಲ್ಸ್ ತಣ್ಣಗೆ ಉಳಿಯುತ್ತದೆ. ತಣ್ಣಗಿದೆ ಎಂದು ಒಲೆ ಜೋರು ಮಾಡಿದರೆ ಸರಿಯಾಗಿ ಅಂಟಿದ ಕಡೆ ಸುಡುತ್ತದೆ. ಅದಕ್ಕೇ ಹಿಗ್ಗಿದರೂ ಬಿಡದಂಥ ಟೈಲ್ಸ್ ಗಮ್ಮು ತರಿಸಿದೆ. ಹಲ್ಲಿನ ಕರಣೆಯಲ್ಲಿ ಬೆಡ್ಡಿನ ಮೇಲೆ ಗೆರೆ ಎಳೆದು, ಟೈಲ್ಸಿನ ಬೆನ್ನಿಗೂ ತೆಳ್ಳಗೆ ಸವರಿ, ಒತ್ತಿ ಕೂರಿಸಿದೆ. ಆಗಾಗ ಒಂದನ್ನು ಎತ್ತಿ, ಬೆನ್ನಿಗೆಲ್ಲ ಗಮ್ಮು ಹತ್ತಿದೆಯೇ ನೋಡಿದೆ. ಒಂದರ ಅಂಚು ಇನ್ನೊಂದಕ್ಕಿಂತ ಕೂದಲೆಳೆ ಎದ್ದರೂ ಅಕ್ಕನ ಕಾಲು ಕೊಯ್ಯುತ್ತದೆ. ಅದಕ್ಕೆ ಅವರದೇ ಹಳೇ ಸೀರೆಯ ತುಂಡನ್ನು ಸಂದುಗಳ ಮೇಲೆ ಎಳೆದು ನೋಡುತ್ತಿದ್ದೆ. ಎಲ್ಲಿಯೂ ನೂಲು ಸಿಕ್ಕಿಕೊಳ್ಳಲಿಲ್ಲ. ಸುಳ್ಳು ಯಾಕೆ ಹೇಳಲಿ, ಅಷ್ಟು ಚೆಂದದ ನೆಲ ನಾನು ಅದುವರೆಗೆ ಹಾಕಿರಲಿಲ್ಲ.

ಕೆಲಸ ಮುಗಿದ ಸಂಜೆಯೇ ಮೋಡ ಕಟ್ಟಿತು. ಮುಂಗಾರು ಈ ಸಲ ಹೇಳದೆ ಕೇಳದೆ ಮುಂಚೆಯೇ ಬಂದಿತ್ತು. ವಾಲ್ವು ಮಾತ್ರ ಬಂದಿರಲಿಲ್ಲ. ಮೊದಲು ಕಳಿಸಿದ್ದು ಅಳತೆ ತಪ್ಪಿ, ಬೇರೆಯದಕ್ಕೆ ಹೇಳಿದ್ದೆವು. ಅಲ್ಲಿಯತನಕ ಹಂಡೆಯ ಪೈಪು ನೇರ ನೆಲಕ್ಕೆ ಜೋಡಿಸಿಕೊಂಡೇ ಇತ್ತು.

"ಅಕ್ಕಾರ, ನಾ ಬರೂತನಕ ಒಲಿಗೆ ಕೈ ಹಚ್ಚಬ್ಯಾಡ್ರಿ. ಗಮ್ಮು ನಿಧಾನಕ ಬಿಗೀಬೇಕು" ಎಂದೆ.

"ಸ್ನಾನಕ್ಕೆ?"

"ಗ್ಯಾಸಿನ ಮ್ಯಾಲೆ ಕಾಸ್ಕೊಳ್ರಿ. ಸ್ವಲ್ಪ ದಿನ."

"ಆಯ್ತಪ್ಪ" ಎಂದರು. ನಾನು ಶಿರಸಿಗೆ ಬಂದೆ.

ಮಳೆ ಬಿಡಲಿಲ್ಲ. ಒಂದು ಬೆಳಿಗ್ಗೆ ತಮ್ಮನ ಫೋನು ಬಂತು, ನಾಳೆ ಕಾರು ತರುತ್ತೇನೆ, ನೆಲ ಆಗಿದೆಯೋ ಇಲ್ಲವೋ ಎಂದು. ಅವಸರ ಮಾಡಬೇಡಿ ಎಂದು ಹೇಳಿ ಅಂದೇ ಬಸ್ಸು ಹತ್ತಿ ಇಡಗುಂದಿಗೆ ಹೋದೆ. ಬಾಗಿಲು ದಾಟಿದ ಕೂಡಲೇ ತಿಳಿಯಿತು: ಮನೆ ಬೆಚ್ಚಗಿತ್ತು. ಚಪ್ಪಲಿ ಬಿಟ್ಟ ಕಾಲಿಗೆ ನೆಲ ಚುರುಗುಟ್ಟಿತು. ಬಚ್ಚಲಿಗೆ ಓಡಿದೆ. ಒಲೆ ಧಗಧಗ ಉರಿಯುತ್ತಿತ್ತು, ಪಂಪು ಗುಂಯ್ ಎನ್ನುತ್ತಿತ್ತು, ಒಲೆಯ ಮುಂದೆ ಅಕ್ಕ ಕೈಯಲ್ಲಿ ಕಟ್ಟಿಗೆ ಹಿಡಿದು ಕೂತಿದ್ದರು.

ಪಂಪು ಆರಿಸಿದೆ. ಕೊಳ್ಳಿ ಎಳೆದು ಅಂಗಳದ ಮಳೆಗೆ ಎಸೆದೆ. ಆಮೇಲೆ ಒಳಗೆ ಬಂದು ರಬ್ಬರ್ ಸುತ್ತಿಗೆಯಲ್ಲಿ ನೆಲ ಬಡಿದೆ. ಅಂಟಿದ ಟೈಲ್ಸು ಕಲ್ಲಿನ ಹಾಗೆ ಟಕ್ ಎನ್ನುತ್ತದೆ. ಬಿಟ್ಟದ್ದು ಖಾಲಿ ಡಬ್ಬದ ಹಾಗೆ ಡಬ್ ಎನ್ನುತ್ತದೆ. ಡಬ್. ಪಕ್ಕದ್ದು ಡಬ್. ಅದರ ಪಕ್ಕದ್ದು ಟಕ್. ಮತ್ತೆ ಡಬ್, ಡಬ್. ಕಿಟಕಿಯ ಬಳಿಯ ಒಂದನ್ನು ಕರಣೆಯ ತುದಿಯಲ್ಲಿ ಎಬ್ಬಿದೆ. ಇಡಿಯಾಗಿ ಕೈಗೆ ಬಂತು. ಬೆನ್ನು ತೊಳೆದಿಟ್ಟ ತಟ್ಟೆಯಷ್ಟು ಚೊಕ್ಕ. ಕೆಳಗೆ ಗಮ್ಮು ಹುರಿದ ರವೆಯ ಹಾಗೆ ಉದುರಾಗಿತ್ತು. ಬಿಗಿಯುವ ಮುಂಚೆಯೇ ಅದರ ನೀರನ್ನೆಲ್ಲ ಬಿಸಿ ಕುಡಿದುಬಿಟ್ಟಿತ್ತು.

ನನ್ನ ಬಾಯಿ ಒಳ್ಳೆಯದಲ್ಲ. ಕೂಗಾಡಿದೆ. "ಏನ್ ಮಾಡೀರಿ ಇದು? ಹೇಳಿದ್ದು ಕಿವಿಗೆ ಬಿತ್ತೋ ಇಲ್ಲೋ? ಬೆಳತನಕ ರಾಮಾಯಣ ಕೇಳಿ ಸೀತೆಗೂ ರಾಮಗೂ ಏನಾಗಬೇಕು ಅಂದಂಗಾತು!"

ಅಕ್ಕ ತಲೆ ಎತ್ತಿದರು. "ಕಿವಿಗೆ ಬಿತ್ತು. ನಾಡಿದ್ದು ಬರ್ತೇನೆ ಅಂತ ತಮ್ಮ ನಿನ್ನೆಯೇ ಫೋನ್ ಮಾಡಿದ್ದ. ನೆಲ ಇನ್ನೂ ಹಸಿ ಇತ್ತು, ಸಂದಲ್ಲಿ ನೀರು ಬೆವರ್ತಾ ಇತ್ತು. ಹಸಿ ಇದ್ದಿದ್ದನ್ನ ಬೆಂಕಿ ಮುಂದೆ ಇಡದೆ ಇನ್ನೆಂತ ಮಾಡ್ತಾರೆ ಮೇಸ್ತ್ರಿ?" ಎಂದರು.

ಅವರ ಹಿಂದೆಯೇ ಒಲೆಯ ಮೇಲಿನ ಗಳುವಿನಲ್ಲಿ ಸೀರೆ, ಟವೆಲು, ನನ್ನ ಮರೆತುಹೋದ ಕೆಲಸದ ಅಂಗಿ ಸಮೇತ ಒಣಗಲು ನೇತಾಡುತ್ತಿದ್ದವು. ಘಟ್ಟದ ಮೇಲೆ ಮಳೆಗಾಲದಲ್ಲಿ ಬಟ್ಟೆ, ಕಾಳುಮೆಣಸು, ಮಕ್ಕಳ ಪಾಟಿಚೀಲ ಎಲ್ಲದಕ್ಕೂ ಒಂದೇ ಮದ್ದು, ಬಚ್ಚಲೊಲೆ. ಹುಟ್ಟಿದಾಗಿನಿಂದ ಕಂಡದ್ದನ್ನೇ ಅವರು ಮಾಡಿದ್ದರು. ಗಮ್ಮು ಬಿಗಿಯಬೇಕು, ಒಣಗುವುದಲ್ಲ ಎಂದು ನಾನು ನೂರು ಸಲ ಹೇಳಿದ್ದರೂ, ಕಾರು ಬರುತ್ತದೆ ಎಂದಾಗ ಅವರ ಕೈ ಕಟ್ಟಿಗೆಗೇ ಹೋಗುತ್ತಿತ್ತು.

ಮಧ್ಯಾಹ್ನ ಪ್ಲಂಬರ್ ಹೊಸ ವಾಲ್ವು ಹಿಡಿದುಕೊಂಡು ಬಂದ. ನೆಲ ಬಡಿದು ನೋಡಿ ತಲೆ ಕೆರೆದುಕೊಂಡ. "ಕೀಳೂದು ಬೇಡ ಮಾರಾಯಾ. ಸಂದಲ್ಲಿ ತೂತು ಹೊಡೆದು ತೆಳು ಗಾರೆ ಹೊಯ್ದು ಪೊಳ್ಳು ತುಂಬು. ಪೇಟೆಯಲ್ಲಿ ಎಲ್ಲ ಹಾಗೇ ಮಾಡ್ತಾರೆ" ಎಂದ. ಅಕ್ಕನ ಮುಖ ಅರಳಿತು. "ಆಗ್ತದಲ್ಲ? ನಾಳೆ ಒಳಗೆ ಆಗ್ತದಲ್ಲ?"

ನನಗೂ ಆಸೆ ಹುಟ್ಟಿತು. ಆ ನೆಲ ಕೀಳುವುದೆಂದರೆ ನನ್ನ ಮೈಯದೇ ತೊಗಲು ಸುಲಿದ ಹಾಗೆ. ಒಂದು ಮೂಲೆಯಲ್ಲಿ ತೂತು ಹೊಡೆದು, ಬೇಗ ಬಿಗಿಯುವ ಗಾರೆಯನ್ನು ಪಿಚಕಾರಿಯಲ್ಲಿ ತುಂಬಿದೆ. ಮರುದಿನ ಬೆಳಿಗ್ಗೆ ಬಡಿದರೆ ಆ ಮೂಲೆ ಟಕ್ ಎಂದಿತು. ಅಕ್ಕ ಗೆದ್ದವರ ಹಾಗೆ ನನ್ನನ್ನು ನೋಡಿದರು. ಆದರೂ ಮನಸ್ಸು ಒಪ್ಪಲಿಲ್ಲ. ವಾಲ್ವು ಕೂರಿಸಿದ್ದ ಪ್ಲಂಬರಿಗೆ ಹದವಾದ ಬಿಸಿಯ ನೀರು ಬಿಡಲು ಹೇಳಿದೆ. ನೆಲ ಬೆಚ್ಚಗಾಗುವವರೆಗೆ ಕಾದು ಮೊಣಕಾಲೂರಿ ಕೆನ್ನೆ ಇಟ್ಟು ನೋಡಿದೆ. ಒಂದು ಕಡೆ ಹಿತವಾಗಿತ್ತು. ಒಂದು ಮಾರು ಆಚೆ ತಣ್ಣಗೆ ಕೊರೆಯುತ್ತಿತ್ತು. ಗಾರೆ ತುಂಬಿದ ಮೂಲೆಯಲ್ಲೇ ಒಂದು ಟೈಲ್ಸಿನ ಅರ್ಧ ಬಿಸಿ, ಅರ್ಧ ತಣ್ಣಗೆ. ಹೊಯ್ದದ್ದು ಎಲ್ಲಿಗೆ ಹರಿದಿದೆ, ಎಲ್ಲಿಗೆ ಹರಿದಿಲ್ಲ ಎಂದು ಮೇಲಿನಿಂದ ಹೇಳುವವರು ಯಾರು?

"ಅಕ್ಕಾರ, ನೀವು ಕೈಯಿಟ್ಟು ನೋಡ್ರಿ. ಎಲ್ಲಿ ಬಿಸಿ ಐತಿ, ಎಲ್ಲಿ ತಂಪೈತಿ ಹೇಳ್ರಿ" ಎಂದೆ.

ಅವರು ಅಂಗೈ ಊರಿ ಮೂಲೆಯಿಂದ ಮೂಲೆಗೆ ಹೋದರು. ನಾನು ಎಲ್ಲಿ ಕೆನ್ನೆ ಹಿಂದಕ್ಕೆ ಎಳೆದುಕೊಂಡಿದ್ದೆನೋ ಅಲ್ಲಿಯೂ ಅವರ ಕೈ ನಿಲ್ಲಲಿಲ್ಲ. "ಎಲ್ಲ ಒಂದೇ ತರ ಇದೆ. ಚೆನ್ನಾಗಿದೆ" ಎಂದರು.

"ಅಂಗೈ ತೋರಿಸ್ರಿ."

ತೋರಿಸಿದರು. ಇಷ್ಟು ತಿಂಗಳು ನೋಡುತ್ತಿದ್ದೆ, ಅವತ್ತೇ ಸರಿಯಾಗಿ ಕಂಡದ್ದು. ವರ್ಷಗಟ್ಟಲೆ ಮೈಯನ್ನು ಹೊತ್ತು ಹೊತ್ತು ಆ ಅಂಗೈ ದಡ್ಡುಗಟ್ಟಿ, ನನ್ನ ಹಿಮ್ಮಡಿಗಿಂತ ದಪ್ಪವಾಗಿತ್ತು. ಉಗುರಿನಿಂದ ಒತ್ತಿದೆ. "ಗೊತ್ತಾಗ್ತತೇನ್ರಿ?" ಅವರು ಕೈ ಎಳೆದುಕೊಂಡರು.

ಕಾಲಿಗೆ ತಿಳಿಯುವುದಿಲ್ಲ ಎಂದು ಗೊತ್ತಿತ್ತು. ಕೈಗೂ ತಿಳಿಯುವುದಿಲ್ಲ ಎಂದು ನಾವು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಬಕೆಟ್ಟಿನಲ್ಲಿ ಬಟ್ಟೆ ಅದ್ದಿ ಇಡೀ ನೆಲ ಒದ್ದೆ ಮಾಡಿ, ಅಕ್ಕನನ್ನು ಬಾಗಿಲ ಹತ್ತಿರ ಕೂರಲು ಹೇಳಿದೆ. ಗಮ್ಮು ಹಿಡಿದ ಕಡೆ ನೆಲ ಬೇಗ ಆರತೊಡಗಿತು. ಪೊಳ್ಳಿನ ಮೇಲೆ ನೀರು ಹಾಗೇ ಉಳಿಯಿತು. ಸ್ವಲ್ಪ ಹೊತ್ತಿಗೆ ನೆಲವೆಲ್ಲ ತೊನ್ನು ಹತ್ತಿದ ಹಾಗೆ ಮಚ್ಚೆ ಮಚ್ಚೆಯಾಗಿ ನಿಂತಿತು. ಅಕ್ಕ ನೋಡುತ್ತಲೇ ಇದ್ದರು. ಹೊರಗೆ ಒಂದು ಲಾರಿ ಘಟ್ಟ ಹತ್ತಿ ಬಂದು ನಿಂತಿತು.

"ಪೂರಾ ಕೀಳಬೇಕು" ಎಂದೆ. "ಬೆಡ್ಡು ಗಟ್ಟಿ ಐತಿ, ಪೈಪು ಚೊಲೋ ಅದಾವು. ಮ್ಯಾಲಿಂದಷ್ಟೇ ಕಿತ್ತು ಮತ್ತ ಹಾಕ್ತೀನಿ. ಆದ್ರ ಈ ಮಳಿಯೊಳಗ ಅವಸರ ಮಾಡಂಗಿಲ್ಲ."

"ಅಷ್ಟ್ರ ತನಕ ನಾನು?"

ಅಷ್ಟರಲ್ಲಿ ಅಂಗಳದಲ್ಲಿ ಕಾರು ನಿಂತ ಸದ್ದಾಯಿತು. ತಮ್ಮ ಒಳಗೆ ಬಂದು, ಮಚ್ಚೆಯ ನೆಲವನ್ನೂ ಎಬ್ಬಿಟ್ಟ ಟೈಲ್ಸನ್ನೂ ನೋಡಿ, ಎಲ್ಲ ಕೇಳಿಸಿಕೊಂಡ. ಅವನ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚು ಸಮಾಧಾನವೇ ಇತ್ತು, ಅದನ್ನು ನನ್ನಿಂದ ಸಹಿಸಲಾಗಲಿಲ್ಲ.

"ಬಾ ಅಕ್ಕಾ, ಹೋಪನ. ಹಠ ಮಾಡಡ. ಹೋದ್ ವರ್ಷ ಕಾಲು ಸುಟ್ಗಂಡಿದ್ದು ಮರ್ತೋತ?"

"ಆನು ಬತ್ನಿಲ್ಲೆ. ಪೊಳ್ಳು ತುಂಬಿದ್ರೆ ಆಗ್ತು ಹೇಳಿ ಪ್ಲಂಬರ್ ಹೇಳಿದ್ದ." ಬರುವುದಿಲ್ಲ ಎಂದು ತಲೆಯಾಡಿಸಿ ಅಕ್ಕ ನನ್ನ ಕಡೆ ತಿರುಗಿದರು. "ತುಂಬು ಮೇಸ್ತ್ರಿ. ಸುಟ್ರೆ ನನ್ನ ಕಾಲು ಸುಡ್ತು, ನಿಂದಲ್ಲ."

"ನಾ ತುಂಬೂದಿಲ್ಲ."

"ನೀನೂ ಅವನ ಬದಿಗೇ ಆದೆ, ಅಲ್ದ? ಇಬ್ರೂ ಸೇರ್ಕ್ಯಂಡು ನನ್ನ ಮನೆ ಬಿಡಿಸ್ತಾ ಇದ್ರಿ."

ಆ ಮಾತು ನನಗೆ ಈಟಿಯಂತೆ ನಾಟಿತು. ಅವರು ಇದೇ ಮನೆಯಲ್ಲಿ ಇರಲಿ ಎಂದೇ ಅಲ್ಲವೇ ನಾನು ತಿಂಗಳುಗಟ್ಟಲೆ ಮೊಣಕಾಲ ಮೇಲೆ ತೆವಳಿದ್ದು? ಹೊರಗೆ ಹೋಗಿ ಮಳೆಯಲ್ಲೇ ನಿಂತೆ. ಸುತ್ತಿಗೆ ಬೀಸಿ ಎಲ್ಲಾದರೂ ಎಸೆಯೋಣ ಅನಿಸಿತು. ತಮ್ಮ ಹೊರಗೆ ಬಂದಾಗ ಅವನ ಕೈ ಹಿಡಿದುಕೊಂಡೆ. "ಸರ, ಕರ್ಕೊಂಡು ಹೋಗ್ರಿ. ಆದ್ರ ನನ್ನ ನೆಲ ಮುಗಿಯೂತನಕ ಮನಿ ಯಾರಿಗೂ ಕೊಡಬ್ಯಾಡ್ರಿ. ಅಷ್ಟ್ ನಡೆಸಿ ಕೊಡ್ರಿ" ಎಂದೆ. ಅವನು "ನೋಡೋಣ" ಎಂದ. ನೋಡೋಣ ಎಂದರೆ ಏನೆಂದು ನನಗೆ ಗೊತ್ತು, ನಾನೂ ಗಿರಾಕಿಗಳಿಗೆ ಅದನ್ನೇ ಹೇಳುವವನು.

ಅಕ್ಕನನ್ನು ಎತ್ತಿ ಕಾರಿನಲ್ಲಿ ಕೂರಿಸಿದರು. ತೊಡೆಯ ಮೇಲೆ ಮೆಟ್ಟುಗತ್ತಿಯನ್ನು ಬಟ್ಟೆ ಸುತ್ತಿ ಇಟ್ಟುಕೊಂಡಿದ್ದರು. "ಅಲ್ಲಿ ಅದ್ಕೆ ಎಂತ ಕೆಲ್ಸ ಅಕ್ಕಾ?" ಎಂದು ತಮ್ಮ ಕೇಳಿದ. "ಇಲ್ಲಿದ್ರೆ ಈ ಮೇಸ್ತ್ರಿ ಸಿಮೆಂಟು ಚೀಲ ಕೊಯ್ಯೂಲೆ ತಗತ್ತ" ಎಂದರು, ನನ್ನ ಮುಖ ನೋಡದೆ.

ಮರುದಿನದಿಂದ ಕೀಳಲು ಹಿಡಿದೆ. ಸಡಿಲ ಟೈಲ್ಸುಗಳು ತಾವಾಗಿ ಎದ್ದವು. ಗಟ್ಟಿಯಾಗಿ ಅಂಟಿದವೇ ಕಷ್ಟ. ಉಳಿ ಒಂದಿಷ್ಟು ಆಳಕ್ಕೆ ಇಳಿದರೆ ಪೈಪು ತೂತು. ಪೈಪಿನಲ್ಲಿ ಮತ್ತೆ ಒತ್ತಡದ ನೀರು ತುಂಬಿಸಿ, ಗೇಜನ್ನು ಕಣ್ಣಿಗೆ ಕಾಣುವ ಹಾಗೆ ಇಟ್ಟುಕೊಂಡು, ಒಂದು ಪೆಟ್ಟು ಹಾಕುವುದು, ಒಮ್ಮೆ ಮುಳ್ಳು ನೋಡುವುದು. ಕೆತ್ತಿದ ಗಮ್ಮಿನ ಪುಡಿ ಮೂಗು, ಗಂಟಲೆಲ್ಲ ತುಂಬಿತು. ಮುಳ್ಳು ಕದಲಲಿಲ್ಲ. ಮತ್ತೆ ಬೆಡ್ಡು ತಿಕ್ಕಿ, ಗುಡಿಸಿ, ಹೊಸದಾಗಿ ಗೆರೆ ಎಳೆಯಲು ಕೂತೆ. ಮಳೆಗಾಲದ ತೇವದಲ್ಲಿ ಗಮ್ಮು ಬಿಗಿಯುವುದು ಆಮೆಯ ನಡಿಗೆ. ದಿನಕ್ಕೆ ನಾಲ್ಕು ಸಾಲು ಕೂರಿಸಿದರೆ ಹೆಚ್ಚು. ಬಚ್ಚಲೊಲೆಯ ಬಾಯಿಗೆ ಹಲಗೆ ಹೊಡೆದು ಮುಚ್ಚಿಬಿಟ್ಟೆ. ನನ್ನ ಅಂಗಿ ಒಂದು ದಿನವೂ ಒಣಗಲಿಲ್ಲ.

ಒಂದು ದಿನ ದಾಬಾದವನು ಟೇಪು ಹಿಡಿದುಕೊಂಡು ಬಂದ. ಇಲ್ಲಿ ತಂದೂರಿ ಒಲೆ, ಅಲ್ಲಿ ಕೌಂಟರು ಎಂದು ಬಾಗಿಲಲ್ಲೇ ನಿಂತು ಲೆಕ್ಕ ಹಾಕತೊಡಗಿದ. "ಮನೆ ಯಜಮಾನ್ರು ಒಂದ್ಸಲ ನೋಡ್ಕೊಂಡು ಬಾ ಅಂದಾರೆ" ಎಂದು ಒಳಗೆ ಕಾಲಿಡಹೊರಟ.

"ನೆಲ ಹಸಿ ಐತಿ. ಕಾಲಿಟ್ಟರ ಮುರೀತೈತಿ" ಎಂದೆ.

"ನೆಲ ಮುರೀತದೋ, ಕಾಲೋ?"

"ಮೊದಲು ಕಾಲು" ಎಂದೆ. ಅವನು ನಕ್ಕು ಹೋದ. ನಾನು ನಗಲಿಲ್ಲ. ಕೂಡಲೇ ತಮ್ಮನಿಗೆ ಫೋನು ಮಾಡಿದೆ. ಅವನು ತಡವರಿಸುತ್ತಿದ್ದಾಗ ಫೋನನ್ನು ಅಕ್ಕನೇ ಕಸಿದುಕೊಂಡಿರಬೇಕು, ಅವರ ದನಿ ಬಂತು. ಹೋದ ಮೇಲೆ ನನ್ನ ಜೊತೆ ಮಾತಾಡಿದ್ದು ಅದೇ ಮೊದಲು.

"ಭರಣಿಗೆ ಕಟ್ಟಿದ ಬಟ್ಟೆ ಬದಲಿಸಿದ್ಯಾ?"

"ನಾ ಟೈಲ್ಸ್ ಮೇಸ್ತ್ರಿ, ಉಪ್ಪಿನಕಾಯಿ ಮೇಸ್ತ್ರಿ ಅಲ್ಲ."

"ತೇವ ಹಿಡಿದ್ರೆ ಮಿಡಿಗೆ ಬೂಷ್ಟು ಬರ್ತದೆ. ಒಣ ಬಟ್ಟೆ ಕಪಾಟಲ್ಲಿದೆ. ಕೈ ತೊಳ್ಕೊಂಡು ಮುಟ್ಟು." ಆಮೇಲೆ, "ನೆಲ ಬಡಿ, ಕೇಳ್ತೆ" ಎಂದರು.

ಫೋನನ್ನು ನೆಲದ ಮೇಲಿಟ್ಟು ಬಡಿಯುತ್ತ ಹೋದೆ. ಟಕ್. ಟಕ್. ಟಕ್. ಬಾಗಿಲ ಬಳಿ ಬಂದಾಗ "ತಡಿ, ಇನ್ನೊಂದ್ಸಲ" ಎಂದರು. ಬಡಿದೆ. ಟಕ್ ಎಂದಿತು. "ಹ್ಞೂಂ. ಮೊದಲು ಕೇಳಿದ್ದು ಲಾರಿ ಸದ್ದು" ಎಂದು ಫೋನು ಇಟ್ಟರು. ಆಮೇಲೆ ಪ್ರತಿ ವಾರ ಅದೇ. ತಮ್ಮನೂ ಅದನ್ನು ಪಕ್ಕದಲ್ಲಿ ಕೂತು ಕೇಳುತ್ತಿದ್ದ ಎಂದು ಆಮೇಲೆ ತಿಳಿಯಿತು. ದಾಬಾದವನು ಮತ್ತೆ ಬರಲಿಲ್ಲ.

ನವರಾತ್ರಿ ಕಳೆದ ಮೇಲೆ ನೆಲ ಪೂರ್ತಿ ಬಿಗಿದಿದೆ ಎಂದು ನನಗೆ ಧೈರ್ಯ ಬಂತು. ಹಲಗೆ ಕಿತ್ತು ಒಲೆಗೆ ಒಂದು ಕೊಳ್ಳಿ ಇಟ್ಟೆ. ಮರುದಿನ ಎರಡು. ವಾಲ್ವನ್ನು ಎಳ್ಳಷ್ಟು ಎಳ್ಳಷ್ಟೇ ತಿರುಗಿಸುತ್ತ ಬಿಸಿ ಏರಿಸಿದೆವು. ಹದ ಸಿಕ್ಕಿದ ಮೇಲೆ ಅದು ಯಾರೂ ತಿರುಗಿಸದಂತೆ ಪ್ಲಂಬರ್ ಅದಕ್ಕೆ ಬೀಗ ಹಾಕಿದ. ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿ ಬಾಗಿಲಲ್ಲಿ ಕೂತೆ. ಇಡೀ ನೆಲ ಒಟ್ಟಿಗೇ, ಒಂದೇ ಬಣ್ಣದಲ್ಲಿ ಆರಿತು. ಭರಣಿಗಳನ್ನು ಜಗಲಿಯಿಂದ ಒಳಗೆ ತಂದು ಗೋಡೆಯ ಬದಿಗೆ ಇಟ್ಟೆ. ತಮ್ಮನಿಗೆ ಫೋನು ಮಾಡಿ, "ಕರ್ಕೊಂಡು ಬರ್ರಿ" ಎಂದೆ.

ಅವರು ಬಂದ ದಿನ ಹಿಂಗಾರಿನ ಜಿಟಿಜಿಟಿ ಇತ್ತು, ಘಟ್ಟದ ಕಡೆಯಿಂದ ಥಂಡಿ ಗಾಳಿ. ತಮ್ಮ ಎತ್ತಿ ಒಳಗೆ ತಂದು ನೆಲದ ಮೇಲೆ ಇಳಿಸಿದ. ಅಕ್ಕ ಸೊರಗಿದ್ದರು. ಹುಬ್ಬಳ್ಳಿಯ ಮನೆಯಲ್ಲಿ ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ಎತ್ತಿ ಇಡುವವರಿದ್ದರು, ಹಿಂದಿನ ವರ್ಷದ ಗಾಯದ ಹೆದರಿಕೆಗೆ ಈ ಸಲ ನೆಲಕ್ಕೆ ಇಳಿಯಲು ಬಿಟ್ಟಿರಲಿಲ್ಲ. ಭುಜದ ಗಟ್ಟಿತನ ಹೋಗಿತ್ತು. ಎರಡೂ ಅಂಗೈ ಊರಿ ಮೈ ಎತ್ತಲು ಹೋದವರು ಎತ್ತಲಾರದೆ ಹಾಗೇ ಕೂತರು. ಇವರನ್ನು ನಾನೇ ಹೀಗೆ ಮಾಡಿದೆ ಅನಿಸಿತು.

ಅವರು ಮತ್ತೆ ಪ್ರಯತ್ನ ಮಾಡಲಿಲ್ಲ. ಊರಿದ ಕೈಗಳನ್ನು ಹಾಗೇ ಇಟ್ಟು ತಲೆ ತಗ್ಗಿಸಿ ನೋಡುತ್ತಿದ್ದರು. ಒಂದು ಕೈ ಎತ್ತಿ ಪಕ್ಕದ ಟೈಲ್ಸಿನ ಮೇಲೆ ಇಟ್ಟರು. ಅಲ್ಲಿಂದ ಇನ್ನೊಂದರ ಮೇಲೆ.

"ಏನಾತ್ರಿ ಅಕ್ಕಾರ?" ಎಂದೆ. ಬಿಸಿ ಹೆಚ್ಚಾಯಿತೋ ಎಂದು ಹೆದರಿಕೆ.

"ಬೆಚ್ಚಗಿದ್ದು ಮೇಸ್ತ್ರಿ" ಎಂದರು. ಸಿಟ್ಟಿರಲಿಲ್ಲ, ಆದರೂ ಮನೆಮಾತು. "ನಂಗೆ ಗೊತ್ತಾಗ್ತಾ ಇದ್ದು."

ಕೈ ಮೇಲೆತ್ತಿ ತೋರಿಸಿದರು. ನೆಲ ಮುಟ್ಟದೆ ಇದ್ದ ಅಷ್ಟು ತಿಂಗಳಲ್ಲಿ ದಡ್ಡೆಲ್ಲ ಉದುರಿಹೋಗಿ ಅಂಗೈ ಎಳೆಯ ಹುಡುಗಿಯದರ ಹಾಗೆ ಮೆತ್ತಗಾಗಿತ್ತು. ತಮ್ಮ ಆಚೆ ಮುಖ ತಿರುಗಿಸಿದ.

"ಇನ್ನು ಸ್ವಲ್ಪ ದಿನಕ್ಕೆ ಮತ್ತೆ ದಡ್ಡುಗಟ್ತು" ಎಂದರು ಅಕ್ಕ. "ಆಮೇಲೆ ಇದೂ ಗೊತ್ತಾಗ್ತಿಲ್ಲೆ. ಅಲ್ಲೀವರೆಗೆ ಒಂಚೂರು ಸುಖ ಪಟ್ಕಂಬನ."

ಮತ್ತಷ್ಟು ಹೊತ್ತು ಹಾಗೇ ಕೂತಿದ್ದರು. ಆಮೇಲೆ ಹಲ್ಲು ಕಚ್ಚಿ, ಎರಡೂ ಕೈ ಊರಿ, ಮೈಯನ್ನು ಒಂದು ಗೇಣು ಎತ್ತಿ ಮುಂದಿಟ್ಟುಕೊಂಡರು. ಉಸಿರು ತೆಗೆದುಕೊಂಡು ಇನ್ನೊಂದು ಗೇಣು. ಭರಣಿಗಳು ಇನ್ನೂ ಆಚೆ ಗೋಡೆಯ ಹತ್ತಿರ ಇದ್ದವು.